ನೆಪ್ಚೂನಿನಾಚೆಯ ಹಿಮಕಾಯಗಳ ಬಣ್ಣ: ಒಂದು ಸಾಕ್ಷ್ಯದ ವಿಮರ್ಶೆ

೧. ವಿಷಯ ಪ್ರವೇಶ

ನೆಪ್ಚೂನ್ ಗ್ರಹದ ಕಕ್ಷೆಯಿಂದಾಚೆಗೆ, ಸೂರ್ಯನಿಗೂ ಭೂಮಿಗೂ ಇರುವ ಅಂತರದ ಮೂವತ್ತರಿಂದ ಐವತ್ತು ಮಡಿ ದೂರದಲ್ಲಿ, ಹಿಮ ಮತ್ತು ಧೂಳುಗಳಿಂದ ಕೂಡಿದ ಸಣ್ಣ ಕಾಯಗಳ ದೊಡ್ಡದೊಂದು ಸಮೂಹವಿದೆ. ಇದಕ್ಕೆ ಕೈಪರ್ ಪಟ್ಟಿಯೆಂದು ಹೆಸರು. ಐರ್ಲೆಂಡಿನ ಕೆನೆತ್ ಎಡ್ಜ್‌ವರ್ತ್ ಅವರು ೧೯೪೩ ಮತ್ತು ೧೯೪೯ರಲ್ಲಿಯೂ, ಅಮೆರಿಕದಲ್ಲಿ ನೆಲೆಸಿದ್ದ ಡಚ್ ಖಗೋಳಜ್ಞ ಜೆರಾರ್ಡ್ ಕೈಪರ್ ಅವರು ೧೯೫೧ರಲ್ಲಿಯೂ ಇಂತಹ ಕಾಯಗಳ ವಿಷಯವನ್ನು ಊಹಿಸಿ ಬರೆದಿದ್ದರು. ಆದರೆ ಪ್ಲೂಟೋ ಮತ್ತು ಅದರ ಉಪಗ್ರಹವನ್ನು ಬಿಟ್ಟರೆ ಅಲ್ಲಿಯ ಒಂದು ಕಾಯವಾದರೂ ಮನುಷ್ಯನ ದೃಷ್ಟಿಗೆ ಬಿದ್ದುದು ೧೯೯೨ರಲ್ಲಿ. ಅಂದಿನಿಂದ ಈಚೆಗೆ ಮೂರು ಸಾವಿರಕ್ಕೂ ಮಿಕ್ಕಿದ ಕಾಯಗಳು ಗಣನೆಗೆ ಬಂದಿವೆ. ಇವುಗಳ ಮೇಲ್ಮೈ ಒಂದೇ ಬಣ್ಣದ್ದಲ್ಲ. ಕೆಲವು ಸೂರ್ಯನ ಬೆಳಕನ್ನು ಹೆಚ್ಚುಕಡಮೆ ಬಂದಂತೆಯೇ ಹಿಂದಿರುಗಿಸಿ ಬೂದಾಗಿ ತೋರುತ್ತವೆ. ಕೆಲವು ಸೌರಮಂಡಲದ ಒಳಭಾಗದಲ್ಲಿ ಎಲ್ಲಿಯೂ ಕಾಣಸಿಗದಷ್ಟು ಕೆಂಪಾಗಿವೆ.

ಈ ವ್ಯತ್ಯಾಸವು ಹುಟ್ಟಿನಿಂದ ಬಂದುದೋ ಅಥವಾ ಕಾಲಕ್ರಮದಲ್ಲಿ ಹೊರಗಿನಿಂದ ಕೂಡಿಕೊಂಡುದೋ ಎಂಬ ಪ್ರಶ್ನೆಯು ಸುಮಾರು ಮೂವತ್ತು ವರ್ಷಗಳ ಕಾಲ ವಿದ್ವಾಂಸರ ವಿವಾದಕ್ಕೆ ವಸ್ತುವಾಗಿದೆ. ಪ್ರಶ್ನೆ ಕ್ಷುಲ್ಲಕವಾದುದಲ್ಲ. ಬಣ್ಣ ಹುಟ್ಟಿನದಾದರೆ, ಸುಮಾರು ೪೫೬ ಕೋಟಿ ವರ್ಷಗಳ ಹಿಂದೆ ಆಯಾ ಕಾಯ ಸೂರ್ಯನಿಂದ ಎಷ್ಟು ದೂರದಲ್ಲಿ ರೂಪುಗೊಂಡಿತೆಂಬುದನ್ನೂ, ದೊಡ್ಡ ಗ್ರಹಗಳು ಮುಂದೆ ಹೇಗೆ ಸ್ಥಳಾಂತರ ಹೊಂದಿದುವೆಂಬುದನ್ನೂ ಅದರಿಂದ ತಿಳಿಯಬಹುದು. ಬಣ್ಣ ಹೊರಗಿನ ಪೆಟ್ಟುಗಳಿಂದಲೂ ಕಿರಣಗಳಿಂದಲೂ ಮಾತ್ರ ಬಂದುದಾದರೆ, ಅದು ಹೇಳುವುದು ಈಚಿನ ಕಥೆಯನ್ನಷ್ಟೆ. ಮೂಲದ ವಿಷಯದಲ್ಲಿ ಅದರ ಸಾಕ್ಷ್ಯ ನಿಲ್ಲುವುದಿಲ್ಲ.

ಇತಿಹಾಸದ ವಿದ್ಯಾರ್ಥಿಗೆ ಈ ಪ್ರಶ್ನೆ ಪರಿಚಿತವಾದುದೇ. ದೇವಾಲಯದ ಗೋಡೆಯ ಶಾಸನವೊಂದು ದೊರೆತಾಗ, ಅಕ್ಷರಗಳು ಮೂಲ ಕಂಡರಣೆಯವೋ ತರುವಾಯ ತಿದ್ದಿದುವೋ, ಮೇಲಿನ ಸುಣ್ಣದ ಲೇಪ ಯಾವ ಕಾಲದ್ದು ಎಂದು ನಾವು ಮೊದಲು ವಿಚಾರಿಸುತ್ತೇವೆ. ಆಧಾರವನ್ನು ಬಾಹ್ಯ ವಿಮರ್ಶೆಗೂ ಆಂತರಿಕ ವಿಮರ್ಶೆಗೂ ಒಳಪಡಿಸಿದ ಹೊರತು ಅದರಿಂದ ನಿರ್ಣಯ ಮಾಡುವಂತಿಲ್ಲವೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ದೂರದ ಹಿಮಕಾಯಗಳನ್ನು ಕುರಿತ ವಿದ್ವಾಂಸರು ಇದೇ ಮಾರ್ಗವನ್ನು ತಮ್ಮದೇ ರೀತಿಯಲ್ಲಿ ಹೇಗೆ ಕಂಡುಕೊಂಡರೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಬಣ್ಣವನ್ನು ಅಳೆಯುವ ಕ್ರಮ

ಖಗೋಳಜ್ಞನು ಬಣ್ಣವೆಂದು ಕರೆಯುವುದು ಒಂದು ಸಂಖ್ಯೆಯನ್ನು. ದೂರದರ್ಶಕದ ಹಿಂದೆ ಒಮ್ಮೆ ನೀಲಿ ಬೆಳಕನ್ನು ಮಾತ್ರ ಬಿಡುವ ಫಿಲ್ಟರನ್ನೂ ಮತ್ತೊಮ್ಮೆ ಕೆಂಪು ಬೆಳಕನ್ನು ಮಾತ್ರ ಬಿಡುವ ಫಿಲ್ಟರನ್ನೂ ಇರಿಸಿ, ಎರಡರಲ್ಲಿಯೂ ಕಾಯದ ಕಾಂತಿಮಾನವನ್ನು ಅಳೆದು, ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಶೇಷವೇ ಅದರ ವರ್ಣಾಂಕ. ಇದಕ್ಕೆ ಎಲ್ಲರೂ ಒಪ್ಪುವ ಪ್ರಮಾಣ ದೊರೆತುದು ೧೯೫೩ರಲ್ಲಿ, ಅಮೆರಿಕದ ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ ಅವರು ನೇರಳಾತೀತ, ನೀಲ, ದೃಶ್ಯ ಎಂಬ ಮೂರು ಪಟ್ಟಿಗಳ ದ್ಯುತಿಮಾಪನ ಪದ್ಧತಿಯನ್ನು ಪ್ರಕಟಿಸಿದಾಗ. ಕೆಂಪಿನ ಪಟ್ಟಿ ಮುಂದೆ ಅದಕ್ಕೆ ಸೇರಿತು. ಅದಕ್ಕೆ ಹಿಂದೆ ಒಬ್ಬೊಬ್ಬ ವೀಕ್ಷಕನ ಅಳತೆಯನ್ನು ಇನ್ನೊಬ್ಬನದರೊಡನೆ ಹೋಲಿಸುವುದು ಕಷ್ಟಸಾಧ್ಯವಾಗಿತ್ತು.

ಕಾಂತಿಮಾನದ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಾಯ ಮಂಕು. ಒಂದು ಘಟಕದ ವ್ಯತ್ಯಾಸವೆಂದರೆ ಸುಮಾರು ಎರಡೂವರೆ ಮಡಿ. ನೀಲಿಯಿಂದ ಕೆಂಪನ್ನು ಕಳೆದಾಗ ಸೂರ್ಯನ ವರ್ಣಾಂಕ ಸುಮಾರು ೧. ಸೂರ್ಯನ ಬೆಳಕನ್ನೇ ಬದಲಾಯಿಸದೆ ಹಿಂದಿರುಗಿಸುವ ಮೇಲ್ಮೈಗೂ ಅದೇ ಅಂಕ ಬರುವುದು. ಅದನ್ನು ಬೂದು ಅಥವಾ ತಟಸ್ಥ ಬಣ್ಣವೆನ್ನುತ್ತಾರೆ. ಅಂಕ ೨ ಇದ್ದರೆ, ಆ ಮೇಲ್ಮೈ ನೀಲಿಗಿಂತ ಕೆಂಪನ್ನು ಎರಡೂವರೆ ಮಡಿ ಹೆಚ್ಚಾಗಿ ಪ್ರತಿಫಲಿಸುತ್ತದೆ ಎಂದರ್ಥ. ಇಲ್ಲಿ ಕೆಂಪೆಂದರೆ ಕುಂಕುಮದ ಕೆಂಪೆಂದು ಭಾವಿಸಬಾರದು. ಬರಿಗಣ್ಣಿಗೆ ಈ ಕಾಯಗಳು ಹೆಚ್ಚೆಂದರೆ ಕಂದಾಗಿ ಕಂಡಾವು. ಪತ್ರಿಕೆಗಳಲ್ಲಿ ಅಚ್ಚಾಗುವ ಚಿತ್ರಗಳಲ್ಲಿ ವ್ಯತ್ಯಾಸ ಸ್ಫುಟವಾಗಲೆಂದು ಬಣ್ಣವನ್ನು ಹೆಚ್ಚಿಸಿರುವುದೇ ವಾಡಿಕೆ.

ಅಳತೆಯ ಕ್ರಮ ಸುಲಭವಾಗಿ ಕಂಡರೂ ಕಾರ್ಯ ಬಹು ಕಠಿನ. ಸೂರ್ಯನ ಬೆಳಕು ಕಾಯದವರೆಗೆ ಹೋಗಿ ಅಲ್ಲಿಂದ ನಮ್ಮೆಡೆಗೆ ಮರಳಬೇಕಾದುದರಿಂದ, ದೂರ ಎರಡರಷ್ಟಾದರೆ ನಮಗೆ ದೊರೆಯುವ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೈಪರ್ ಪಟ್ಟಿಯ ಸಾಧಾರಣ ಕಾಯವೊಂದರ ಕಾಂತಿಮಾನ ೨೩ರ ಆಸುಪಾಸಿನದು. ಬರಿಗಣ್ಣಿಗೆ ಕಾಣುವ ಕಡೆಯ ನಕ್ಷತ್ರಕ್ಕಿಂತ ಅದು ಸುಮಾರು ಅರವತ್ತು ಲಕ್ಷ ಮಡಿ ಮಂಕು. ಇಷ್ಟು ಕ್ಷೀಣವಾದ ಬೆಳಕನ್ನು ಫಿಲ್ಟರುಗಳಲ್ಲಿ ಮತ್ತೆ ಹಂಚಿ ಅಳೆದಾಗ ದೋಷ ನುಸುಳುವುದು ಸಹಜ. ಮುಂದೆ ಹುಟ್ಟಿದ ವಿವಾದದ ಬೇರು ಬಹುಮಟ್ಟಿಗೆ ಇಲ್ಲಿಯೇ ಇದೆ.

೩. ಮೊದಲ ಸಾಕ್ಷಿಗಳು

೧೯೩೦ರ ಫೆಬ್ರವರಿ ೧೮ರಂದು ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟೊಂಬಾ ಅವರು ಪ್ಲೂಟೋವನ್ನು ಕಂಡುಹಿಡಿದರು. ಅದರ ಬೆಳಕು ೬ ದಿನ ೯ ಗಂಟೆಗೊಮ್ಮೆ ಏರಿಳಿಯುವುದೆಂದು ೧೯೫೫ರಲ್ಲಿ ಮೆರ್ಲ್ ವಾಕರ್ ಮತ್ತು ರಾಬರ್ಟ್ ಹಾರ್ಡಿ ಅವರು ತೋರಿಸಿಕೊಟ್ಟುದರಿಂದ, ಅದರ ಮೇಲ್ಮೈ ಎಲ್ಲೆಡೆಯೂ ಸಮಾನವಲ್ಲವೆಂಬ ಸಂಗತಿ ಸ್ಥಿರಪಟ್ಟಿತು. ಪ್ಲೂಟೋವಿನ ಬಣ್ಣ ಸೂರ್ಯನಿಗಿಂತ ಸ್ವಲ್ಪ ಕೆಂಪೆಂದು ತಿಳಿದಿತ್ತಾದರೂ ಅಲ್ಲಿ ಏನಿದೆಯೆಂಬುದು ತಿಳಿದಿರಲಿಲ್ಲ. ೧೯೭೬ರಲ್ಲಿ ಡೇಲ್ ಕ್ರೂಕ್‌ಷಾಂಕ್, ಕಾರ್ಲ್ ಪಿಲ್ಚರ್ ಮತ್ತು ಡೇವಿಡ್ ಮಾರಿಸನ್ ಅವರು ಅವಕೆಂಪು ಬೆಳಕಿನ ಅಳತೆಗಳಿಂದ ಅಲ್ಲಿ ಹೆಪ್ಪುಗಟ್ಟಿದ ಮೀಥೇನ್ ಇರುವುದನ್ನು ಕಂಡರು. ಮೀಥೇನಿನ ಹಿಮ ತನ್ನಷ್ಟಕ್ಕೆ ಬಿಳಿದು. ಹಾಗಾದರೆ ಕೆಂಪು ಎಲ್ಲಿಂದ ಬಂದಿತೆಂಬ ಪ್ರಶ್ನೆ ಆಗಲೇ ಎದ್ದಿತು.

ಈ ಪ್ರಶ್ನೆಗೆ ಪ್ರಯೋಗಶಾಲೆಯಿಂದ ಒಂದು ಉತ್ತರ ಬಂದಿತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಸೇಗನ್ ಮತ್ತು ಭಾರತದಿಂದ ಅಲ್ಲಿಗೆ ತೆರಳಿದ್ದ ಬಿಷುನ್ ಖರೆ ಅವರು ಸರಳವಾದ ಅನಿಲಗಳ ಮಿಶ್ರಣವನ್ನು ವಿದ್ಯುತ್ತಿಗೂ ನೇರಳಾತೀತ ಕಿರಣಗಳಿಗೂ ಗುರಿಪಡಿಸಿದಾಗ ಪಾತ್ರೆಯ ಗೋಡೆಗೆ ಕಂದುಬಣ್ಣದ ಅಂಟಾದ ಪದಾರ್ಥ ಕೂಡಿಕೊಂಡಿತು. ೧೯೭೯ರಲ್ಲಿ ಅವರು ಇದಕ್ಕೆ, ಕದಡಿದ ಕೆಸರೆಂಬ ಅರ್ಥದ ಗ್ರೀಕ್ ಮಾತಿನಿಂದ, ಥೋಲಿನ್ ಎಂದು ಹೆಸರಿಟ್ಟರು. ೧೯೮೭ರಲ್ಲಿ ಇದೇ ತಂಡದವರು ಮೀಥೇನ್ ಬೆರೆತ ಹಿಮಗಳನ್ನು ವಿದ್ಯುದಾವೇಶವುಳ್ಳ ಕಣಗಳಿಂದ ತಾಡಿಸಿ, ಅವು ಮೊದಲು ಕೆಂಪಾಗಿ ಕ್ರಮೇಣ ಕಪ್ಪಾಗುವುದನ್ನು ವರದಿ ಮಾಡಿದರು. ಇಟಲಿಯ ಕಟಾನಿಯಾದಲ್ಲಿ ಜಿಯೊವಾನಿ ಸ್ಟ್ರಾಟ್ಸುಲ್ಲಾ ಅವರೂ ಅವರ ಸಹೋದ್ಯೋಗಿಗಳೂ ಇಂತಹ ಪ್ರಯೋಗಗಳನ್ನು ಬಹುಕಾಲ ನಡೆಸಿದರು. ಸೂರ್ಯನ ಗಾಳಿ ಮತ್ತು ವಿಶ್ವಕಿರಣಗಳ ಹೊಡೆತಕ್ಕೆ ಕೋಟ್ಯಂತರ ವರ್ಷ ಸಿಕ್ಕಿದ ಹಿಮ ಹೀಗೆಯೇ ಕೆಂಪಾಗಬೇಕೆಂಬ ಊಹೆಗೆ ಇದರಿಂದ ಬಲ ಬಂದಿತು.

ಏತನ್ಮಧ್ಯೆ ಹೊಸ ಸಾಕ್ಷಿಗಳು ಒಂದೊಂದಾಗಿ ದೊರೆತುವು. ೧೯೭೭ರಲ್ಲಿ ಚಾರ್ಲ್ಸ್ ಕೊವಾಲ್ ಅವರು ಪಾಲೊಮಾರ್‌ನಲ್ಲಿ ತೆಗೆದ ಫಲಕಗಳಲ್ಲಿ, ಶನಿ ಮತ್ತು ಯುರೇನಸ್‌ಗಳ ನಡುವೆ ಸಂಚರಿಸುವ ಕೈರಾನ್ ಎಂಬ ಕಾಯವನ್ನು ಗುರುತಿಸಿದರು. ಅದರ ಬಣ್ಣ ಬೂದು. ೧೯೯೨ರ ಜನವರಿಯಲ್ಲಿ ಕಿಟ್ ಪೀಕಿನ ಸ್ಪೇಸ್‌ವಾಚ್ ದೂರದರ್ಶಕದಿಂದ ಡೇವಿಡ್ ರಬಿನೊವಿಟ್ಸ್ ಅವರು ಅದೇ ಬಗೆಯ ಮತ್ತೊಂದು ಕಾಯವನ್ನು ಕಂಡುಹಿಡಿದರು. ಫೋಲಸ್ ಎಂಬ ಇದರ ವರ್ಣಾಂಕ ಸುಮಾರು ೨. ಅಲ್ಲಿಯವರೆಗೆ ಅಳೆದಿದ್ದ ಯಾವ ಸಣ್ಣ ಕಾಯವೂ ಇಷ್ಟು ಕೆಂಪಾಗಿರಲಿಲ್ಲ. ದೊಡ್ಡ ಗ್ರಹಗಳ ನಡುವೆ ಅಲೆಯುವ ಇಂತಹ ಕಾಯಗಳಿಗೆ ಸೆಂಟಾರ್‌ಗಳೆಂದು ಹೆಸರು. ಇವು ಹೊರಗಿನ ಪಟ್ಟಿಯಿಂದ ತಪ್ಪಿಸಿಕೊಂಡು ಒಳಕ್ಕೆ ಬಂದುವೆಂದು ಎಣಿಸಲಾಗಿದೆ.

ಅದೇ ವರ್ಷದ ಆಗಸ್ಟ್ ೩೦ರಂದು ಹವಾಯಿಯ ಮೌನಾ ಕೇ ಶಿಖರದಲ್ಲಿ ಡೇವಿಡ್ ಜ್ಯೂವಿಟ್ ಮತ್ತು ಜೇನ್ ಲೂ ಅವರು, ೧೯೮೭ರಿಂದ ನಡೆಸುತ್ತಿದ್ದ ಹುಡುಕಾಟದ ಫಲವಾಗಿ, ನೆಪ್ಚೂನಿನಾಚೆಯ ಕಾಯವೊಂದನ್ನು ೨.೨ ಮೀಟರ್ ದೂರದರ್ಶಕದಿಂದ ಪತ್ತೆಹಚ್ಚಿದರು. ೨೦೧೮ರಲ್ಲಿ ಅದಕ್ಕೆ ಆಲ್ಬಿಯನ್ ಎಂಬ ಹೆಸರು ಬಂದಿತು. ಅದೂ ಕೆಂಪು ಛಾಯೆಯದಾಗಿತ್ತು. ಹೀಗೆ ಬೂದು ಬಣ್ಣದ ಒಂದು ಸಾಕ್ಷಿಯೂ ಕೆಂಪು ಬಣ್ಣದ ಎರಡು ಸಾಕ್ಷಿಗಳೂ ಕೈಗೆ ಬಂದ ಸ್ಥಿತಿಯಲ್ಲಿ ವಾದ ಆರಂಭವಾಯಿತು.

೪. ಎರಡು ಗುಂಪೋ ಒಂದೇ ಸಾಲೋ

೧೯೯೬ರಲ್ಲಿ ಲೂ ಮತ್ತು ಜ್ಯೂವಿಟ್ ಅವರು ಆಗ ತಿಳಿದಿದ್ದ ಕೆಲವೇ ಕಾಯಗಳ ಬಣ್ಣಗಳನ್ನು ಅಳೆದು, ಅವು ಬೂದಿನಿಂದ ಕಡುಕೆಂಪಿನವರೆಗೆ ಬಗೆಬಗೆಯಾಗಿ ಹರಡಿವೆಯೆಂದು ಪ್ರಕಟಿಸಿದರು. ಅವರ ವಿವರಣೆ ಹೀಗಿತ್ತು: ವಿಶ್ವಕಿರಣಗಳು ಮೇಲ್ಮೈಯನ್ನು ನಿರಂತರವಾಗಿ ಕೆಂಪಾಗಿಸುತ್ತವೆ; ಆಗಾಗ್ಗೆ ಸಂಭವಿಸುವ ಘರ್ಷಣೆಗಳು ಒಳಗಿನ ಹೊಸ ಹಿಮವನ್ನು ಹೊರಚೆಲ್ಲಿ ಅದನ್ನು ಮತ್ತೆ ಬೂದಾಗಿಸುತ್ತವೆ; ಯಾವ ಕಾಯ ಈಚೆಗೆ ಪೆಟ್ಟು ತಿಂದಿದೆಯೋ ಅದು ಬೂದು. ಈ ಮತದ ಪ್ರಕಾರ ಎಲ್ಲ ಕಾಯಗಳೂ ಮೂಲತಃ ಒಂದೇ. ಬಣ್ಣ ಕೇವಲ ಆಕಸ್ಮಿಕ.

ಎರಡು ವರ್ಷ ಕಳೆಯುವಷ್ಟರಲ್ಲಿ ಇದಕ್ಕೆ ಪ್ರತಿಯಾದ ಮತವೊಂದು ಹುಟ್ಟಿತು. ಉತ್ತರ ಅರಿಜೋನಾ ವಿಶ್ವವಿದ್ಯಾನಿಲಯದ ಸ್ಟೀಫನ್ ಟೆಗ್ಲರ್ ಮತ್ತು ಒಕ್ಲಹಾಮಾದ ವಿಲಿಯಂ ರೊಮಾನಿಷಿನ್ ಅವರು ೧೯೯೮ರಲ್ಲಿ, ತಾವು ಅಳೆದ ಕೈಪರ್ ಕಾಯಗಳೂ ಸೆಂಟಾರ್‌ಗಳೂ ಸ್ಪಷ್ಟವಾಗಿ ಎರಡು ಗುಂಪುಗಳಾಗಿ ಬೇರ್ಪಡುವುವೆಂದೂ, ಒಂದು ಗುಂಪು ಬೂದು ಮತ್ತೊಂದು ಅತಿ ಕೆಂಪೆಂದೂ, ನಡುವೆ ಬರಿದಾದ ಎಡೆಯೊಂದಿದೆಯೆಂದೂ ಸಾರಿದರು. ಈ ಎಡೆ ನಿಜವಾದರೆ ಲೂ ಮತ್ತು ಜ್ಯೂವಿಟ್ ಅವರ ವಿವರಣೆ ನಿಲ್ಲುವುದಿಲ್ಲ. ಏಕೆಂದರೆ ಕೆಂಪಾಗುತ್ತಿರುವ ಕಾಯಗಳು ನಡುವಣ ಬಣ್ಣಗಳಲ್ಲಿಯೂ ಸಿಗಲೇಬೇಕು. ೨೦೦೦ದಲ್ಲಿ ಅದೇ ಇಬ್ಬರು, ಸೂರ್ಯ-ಭೂಮಿಗಳ ಅಂತರದ ನಲವತ್ತು ಮಡಿಗಿಂತ ಆಚೆ ಹೆಚ್ಚುಕಡಮೆ ವೃತ್ತಾಕಾರದ ಕಕ್ಷೆಗಳಲ್ಲಿ ಇರುವ ಕಾಯಗಳು ಅತಿ ಕೆಂಪಾಗಿವೆಯೆಂದೂ ತೋರಿಸಿದರು.

ಜ್ಯೂವಿಟ್ ಮತ್ತು ಲೂ ಅವರು ಸುಮ್ಮನಿರಲಿಲ್ಲ. ೨೦೦೧ರಲ್ಲಿ ಕೆಕ್ ದೂರದರ್ಶಕದ ಅಳತೆಗಳನ್ನು ಮುಂದಿಟ್ಟು, ಬಣ್ಣಗಳು ಒಂದೇ ಸಾಲಾಗಿ ಹರಡಿವೆಯೆಂದೂ ಎಡೆಯೆಂಬುದು ಇಲ್ಲವೆಂದೂ ಹೇಳಿದರು. ಆದರೆ ಅದೇ ಬರೆಹದಲ್ಲಿ ಅವರು ತಮ್ಮದೇ ಆದ ಘರ್ಷಣೆಯ ಮತವನ್ನೂ ಸಂಶಯಕ್ಕೆ ಗುರಿಮಾಡಿದರು. ಘರ್ಷಣೆಯಿಂದ ಮೇಲ್ಮೈ ಅಲ್ಲಲ್ಲಿ ಹೊಸದಾಗುವುದಾದರೆ, ಕಾಯ ತನ್ನ ಸುತ್ತ ತಿರುಗಿದಂತೆ ಬಣ್ಣವೂ ಗಣನೀಯವಾಗಿ ಬದಲಾಗಬೇಕು. ಹಾಗೆ ಆಗುತ್ತಿರುವುದು ಕಾಣಲಿಲ್ಲ. ಎದುರಾಳಿಗಳ ನಿರ್ಣಯವನ್ನು ಒಪ್ಪದೆಯೂ ತಮ್ಮ ಹಿಂದಿನ ವಿವರಣೆಯನ್ನು ಸಡಿಲಿಸಿದ ಈ ನಡೆ ಗಮನಾರ್ಹವಾದುದು.

೨೦೦೩ರಲ್ಲಿ ವಿವಾದ ತನ್ನ ತುದಿಯನ್ನು ಮುಟ್ಟಿತು. ಆ ಒಂದೇ ವರ್ಷದಲ್ಲಿ ಟೆಗ್ಲರ್ ಮತ್ತು ರೊಮಾನಿಷಿನ್ ಅವರು ಬಣ್ಣದ ವಿವಾದದ ಪರಿಹಾರವೆಂಬ ಅರ್ಥದ ಶೀರ್ಷಿಕೆಯನ್ನಿಟ್ಟು ಎರಡು ಗುಂಪುಗಳನ್ನು ಸಮರ್ಥಿಸಿದರು. ಪೋರ್ಚುಗಲ್ಲಿನ ನುನೊ ಪೆಯ್‌ಷಿನ್ಯೊ ಮತ್ತು ಅವರ ಸಂಗಡಿಗರು ವಿವಾದವನ್ನು ಮತ್ತೆ ತೆರೆಯುವುದೆಂಬ ಅರ್ಥದ ಶೀರ್ಷಿಕೆಯನ್ನಿಟ್ಟು ಬರೆದರು. ಮುಗಿಯಿತೆಂಬ ಘೋಷಣೆಯೂ ಮುಗಿದಿಲ್ಲವೆಂಬ ಘೋಷಣೆಯೂ ಹೀಗೆ ಜೊತೆಜೊತೆಯಾಗಿ ಹೊರಬಿದ್ದುವು.

೫. ಸಾಕ್ಷಿಗಳ ಬಾಹ್ಯ ವಿಮರ್ಶೆ

ಎರಡು ಪಕ್ಷದವರೂ ನಿಷ್ಠೆಯಿಂದ ಅಳೆದವರು, ಸಮರ್ಥರು. ಹಾಗಿರುವಲ್ಲಿ ಫಲಿತಾಂಶ ಭಿನ್ನವಾದುದೇಕೆ? ಇದಕ್ಕೆ ಮೂರು ಕಾರಣಗಳು ಕ್ರಮೇಣ ಹೊರಬಂದುವು.

ಮೊದಲನೆಯದು ಅಳತೆಯ ಕಾಲ. ಕಾಯಗಳಲ್ಲಿ ಹಲವು ಉದ್ದನೆಯ ಆಕಾರದವು. ಕೆಲವು ಗಂಟೆಗಳಿಗೊಮ್ಮೆ ತಮ್ಮ ಸುತ್ತ ತಿರುಗುವಾಗ ಅವುಗಳ ಬೆಳಕು ಏರಿಳಿಯುತ್ತದೆ. ನೀಲಿಯ ಅಳತೆಯನ್ನು ಒಂದು ಹೊತ್ತಿನಲ್ಲಿಯೂ ಕೆಂಪಿನದನ್ನು ಇನ್ನೊಂದು ಹೊತ್ತಿನಲ್ಲಿಯೂ ತೆಗೆದರೆ, ಆಕಾರದಿಂದ ಬಂದ ವ್ಯತ್ಯಾಸವೇ ಬಣ್ಣದ ವ್ಯತ್ಯಾಸವೆಂದು ಭ್ರಮೆಗೆಡೆಯಾಗುತ್ತದೆ. ಇದರ ನಿವಾರಣೆಗೆ ಮುಂದಿನವರು ವಹಿಸಿದ ಎಚ್ಚರ ಮೆಚ್ಚತಕ್ಕದ್ದು. ೨೦೧೯ರಲ್ಲಿ ಮೇಗನ್ ಶ್ವಾಂಬ್ ಮತ್ತು ಸಂಗಡಿಗರು ವಿವರಿಸಿದ ಸಮೀಕ್ಷೆಯಲ್ಲಿ, ಮೌನಾ ಕೇಯ ಜೆಮಿನಿ ದೂರದರ್ಶಕದಿಂದ ಪ್ರತಿಯೊಂದು ಕಾಯವನ್ನೂ ಮೊದಲು ಕೆಂಪು, ಬಳಿಕ ಹಸಿರು, ನಡುವೆ ಅವಕೆಂಪು, ಮತ್ತೆ ಹಸಿರು, ಕಡೆಗೆ ಮತ್ತೆ ಕೆಂಪು ಎಂಬ ಕ್ರಮದಲ್ಲಿ ಅಳೆದರು. ಹಾಗೆ ಹೋಗಿ ಹಾಗೆಯೇ ಮರಳುವ ಈ ಸರಣಿಯಿಂದ, ನಡುವಣ ಅವಧಿಯಲ್ಲಿ ಬೆಳಕು ಎಷ್ಟು ಬದಲಾಯಿತೆಂಬುದನ್ನು ಲೆಕ್ಕಹಾಕಿ ಕಳೆಯಲು ಬರುತ್ತದೆ.

ಎರಡನೆಯದು ಸಂಖ್ಯೆಯ ಪ್ರಶ್ನೆ. ಹತ್ತಿಪ್ಪತ್ತು ಕಾಯಗಳ ಪಟ್ಟಿಯಲ್ಲಿ ನಡುವೆ ಎಡೆಯೊಂದು ಕಂಡರೆ ಅದು ಪ್ರಕೃತಿಯದೋ ಆಕಸ್ಮಿಕದ್ದೋ ಹೇಳುವುದು ಕಷ್ಟ. ೨೦೦೨ರಲ್ಲಿ ಒಲಿವಿಯೆ ಹೈನೊ ಮತ್ತು ಆಡ್ರೆ ಡೆಲ್ಸಾಂಟಿ ಅವರು ಅದುವರೆಗೆ ಪ್ರಕಟವಾದ ಅಳತೆಗಳನ್ನೆಲ್ಲ ಒಂದೆಡೆ ಕೂಡಿಸಿ ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಒಡ್ಡಿದರು. ಚದರಿದ್ದ ಶಾಸನಗಳನ್ನು ಸಂಪುಟಗಳಲ್ಲಿ ಒಟ್ಟುಗೂಡಿಸಿದ ಮೇಲೆ ಶಾಸನಾಧ್ಯಯನಕ್ಕೆ ಯಾವ ಲಾಭವಾಯಿತೋ ಈ ಸಂಕಲನದಿಂದ ಈ ಕ್ಷೇತ್ರಕ್ಕೂ ಅಂತಹುದೇ ಲಾಭವಾಯಿತು.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ, ಸಾಕ್ಷಿಗಳು ಯಾರೆಂಬ ಪ್ರಶ್ನೆ. ಪೆಯ್‌ಷಿನ್ಯೊ ಅವರು ೨೦೦೩ರಲ್ಲಿ ಸೆಂಟಾರ್‌ಗಳನ್ನೂ ನೆಪ್ಚೂನಿನಾಚೆಯ ಕಾಯಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ, ಸೆಂಟಾರ್‌ಗಳು ಎರಡು ಗುಂಪಾಗಿಯೂ ಆಚೆಯವು ಒಂದೇ ಸಾಲಾಗಿಯೂ ಕಂಡುವು. ಎರಡು ಬಗೆಯ ಕಾಯಗಳನ್ನು ಒಟ್ಟಾಗಿ ಬೆರೆಸಿದುದರಿಂದಲೇ ತೊಡಕು ಉಂಟಾಗಿತ್ತು. ಆದರೆ ಸೆಂಟಾರ್‌ಗಳು ಆಚೆಯಿಂದಲೇ ಬಂದುವಾದರೆ ಈ ಭೇದ ಹೇಗೆ ಸಾಧ್ಯ? ೨೦೧೨ರಲ್ಲಿ ಪೆಯ್‌ಷಿನ್ಯೊ ಮತ್ತು ಸಂಗಡಿಗರು ಇದಕ್ಕೂ ಸಮಾಧಾನ ಕಂಡರು. ಸೆಂಟಾರ್‌ಗಳು ಹತ್ತಿರದಲ್ಲಿರುವುದರಿಂದ ಸಣ್ಣವೂ ಕಾಣುತ್ತವೆ. ದೂರದ ಪಟ್ಟಿಯಲ್ಲಿ ಕಾಣುವುವು ದೊಡ್ಡವು ಮಾತ್ರ. ಪಟ್ಟಿಯಲ್ಲಿನ ಸಣ್ಣ ಕಾಯಗಳನ್ನೇ ಆರಿಸಿ ನೋಡಿದರೆ ಅವೂ ಎರಡು ಗುಂಪಾಗುತ್ತವೆ. ಅದೇ ವರ್ಷ ವೆಸ್ಲಿ ಫ್ರೇಸರ್ ಮತ್ತು ಮೈಕೆಲ್ ಬ್ರೌನ್ ಅವರು ಹಬಲ್ ದೂರದರ್ಶಕದ ಅಳತೆಗಳನ್ನು ಆಧರಿಸಿ ಸಣ್ಣ ಕಾಯಗಳ ವಿಷಯದಲ್ಲಿ ಇಂತಹುದೇ ಇಬ್ಬಗೆಯನ್ನು ಸಮರ್ಥಿಸಿದರು.

ಹೀಗೆ ನೋಡಿದರೆ ೧೯೯೮ರ ಪಕ್ಷಕ್ಕೂ ೨೦೦೧ರ ಪಕ್ಷಕ್ಕೂ ತಮ್ಮ ತಮ್ಮ ಸಾಕ್ಷಿಗಳ ಮಟ್ಟಿಗೆ ಆಧಾರವಿತ್ತು. ತಪ್ಪು ಉಂಟಾದುದು ಕೆಲವು ಸಾಕ್ಷಿಗಳ ಮಾತನ್ನು ಇಡಿಯ ಸಮೂಹದ ಮಾತೆಂದು ಗ್ರಹಿಸಿದುದರಲ್ಲಿ. ರಾಜಧಾನಿಯ ದಾನಶಾಸನಗಳನ್ನು ಮಾತ್ರ ಓದಿ ನಾಡಿನ ಭೂಸ್ವಾಮ್ಯದ ಸ್ವರೂಪವನ್ನು ನಿರ್ಧರಿಸಹೊರಟವನಿಗೆ ಒದಗುವ ಅಪಾಯವೂ ಇದೇ.

೬. ಹುಟ್ಟಿನ ಬಣ್ಣವೋ ಅನುಭವದ ಬಣ್ಣವೋ

ಗುಂಪುಗಳ ಪ್ರಶ್ನೆ ಒಂದು ಹಂತಕ್ಕೆ ಬಂದ ಮೇಲೆ ಮೂಲದ ಪ್ರಶ್ನೆ ಉಳಿಯಿತು. ಇಲ್ಲಿ ಕಕ್ಷೆಗಳ ಚರಿತ್ರೆಯನ್ನು ಗಮನಕ್ಕೆ ತರಬೇಕು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ರೇಣು ಮಲ್ಹೋತ್ರಾ ಅವರು ೧೯೯೩ರಲ್ಲಿ, ಪ್ಲೂಟೋವಿನ ವಿಚಿತ್ರ ಕಕ್ಷೆಯನ್ನು ವಿವರಿಸಲು, ನೆಪ್ಚೂನ್ ತಾನು ಹುಟ್ಟಿದ ಸ್ಥಳದಿಂದ ಹೊರಕ್ಕೆ ಸರಿಯುತ್ತ ಬಂದಿತೆಂಬ ಮತವನ್ನು ಮಂಡಿಸಿದರು. ಹಾಗೆ ಸರಿದ ಗ್ರಹ ಒಳಗಿನ ಅನೇಕ ಕಾಯಗಳನ್ನು ಹೊರಕ್ಕೆ ದೂಡಿ, ಅವುಗಳ ಕಕ್ಷೆಗಳನ್ನು ಓರೆಯಾಗಿಸಿರಬೇಕು. ಕಕ್ಷೆ ಬಾಗದೆ ಶಾಂತವಾಗಿ ಸುತ್ತುತ್ತಿರುವುವು ಮಾತ್ರ ಹುಟ್ಟಿದೆಡೆಯಲ್ಲಿಯೇ ಉಳಿದುವಾಗಿರಬೇಕು. ೨೦೦೨ರಲ್ಲಿ ಚಾಡ್ ಟ್ರುಹಿಯೊ ಮತ್ತು ಬ್ರೌನ್ ಅವರು, ಕಕ್ಷೆಯ ಓರೆ ಹೆಚ್ಚಿದಂತೆ ಕೆಂಪು ಕಡಮೆಯಾಗುವುದೆಂದು ತೋರಿಸಿದರು. ಕೆಂಪಿನ ಸ್ಥಳೀಯರೆಂದೂ ಬಗೆಬಗೆಯ ಬಣ್ಣದ ವಲಸಿಗರೆಂದೂ ಪಟ್ಟಿಯ ನಿವಾಸಿಗಳನ್ನು ಬೇರ್ಪಡಿಸುವ ದಾರಿ ಇದರಿಂದ ತೆರೆಯಿತು.

ಬಣ್ಣ ಹುಟ್ಟಿನದೆಂಬುದಕ್ಕೆ ಮತ್ತೂ ಎರಡು ಬಲವಾದ ಆಧಾರಗಳಿವೆ. ಪಟ್ಟಿಯಲ್ಲಿ ಒಂದನ್ನೊಂದು ಸುತ್ತುವ ಜೋಡಿ ಕಾಯಗಳು ಬಹಳ. ೨೦೦೯ರಲ್ಲಿ ಸೂಸನ್ ಬೆನೆಕಿ ಮತ್ತು ಸಂಗಡಿಗರು ಹಬಲ್ ದೂರದರ್ಶಕದಿಂದ ಇಂತಹ ೨೩ ಜೋಡಿಗಳನ್ನು ಬಿಡಿಬಿಡಿಯಾಗಿ ಅಳೆದಾಗ, ಜೋಡಿಯ ಎರಡು ಕಾಯಗಳೂ ಒಂದೇ ಬಣ್ಣದವಾಗಿ ಕಂಡುವು. ಎರಡಕ್ಕೂ ಬಿದ್ದ ಪೆಟ್ಟುಗಳು ಒಂದೇ ಆಗಿರಲಾರವು. ಹುಟ್ಟಿದ ಸ್ಥಳ ಮಾತ್ರ ಒಂದೇ. ಎರಡನೆಯ ಆಧಾರ ಹೌಮಿಯಾ ಎಂಬ ಕಾಯದ ಪರಿವಾರ. ದೊಡ್ಡದೊಂದು ಘರ್ಷಣೆಯಲ್ಲಿ ಹೌಮಿಯಾದಿಂದ ಸಿಡಿದ ತುಣುಕುಗಳನ್ನು ಬ್ರೌನ್ ಮತ್ತು ಸಂಗಡಿಗರು ೨೦೦೭ರಲ್ಲಿ ಗುರುತಿಸಿದರು. ಈ ಘಟನೆ ನೂರು ಕೋಟಿ ವರ್ಷಗಳಿಗೂ ಹಿಂದಿನದೆಂದು ಅಂದಾಜು. ಅಷ್ಟು ಕಾಲ ವಿಶ್ವಕಿರಣಗಳಿಗೆ ಒಡ್ಡಿಕೊಂಡಿದ್ದರೂ ಅವು ಇಂದಿಗೂ ನೀರಿನ ಹಿಮದ ತಟಸ್ಥ ಬಣ್ಣವನ್ನೇ ಉಳಿಸಿಕೊಂಡಿವೆ. ಇಂಗಾಲದ ಸಂಯುಕ್ತಗಳಿಲ್ಲದ ಕಡೆ ಕಿರಣಗಳು ಎಷ್ಟು ಕಾಲ ಹೊಡೆದರೂ ಕೆಂಪು ಹುಟ್ಟುವುದಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೂ ಎದುರು ಸಾಕ್ಷ್ಯವನ್ನು ಬದಿಗೊತ್ತುವಂತಿಲ್ಲ. ಹೊರಗಿನಿಂದ ಬಂದ ಬಣ್ಣಕ್ಕೆ ಶನಿಯ ಉಪಗ್ರಹ ಇಯಾಪೆಟಸ್ ಹಳೆಯ ನಿದರ್ಶನ. ೧೬೭೧ರಲ್ಲಿ ಅದನ್ನು ಕಂಡುಹಿಡಿದ ಕಾಸಿನಿ ಅವರು, ಅದು ಶನಿಯ ಒಂದು ಪಕ್ಕದಲ್ಲಿ ಮಾತ್ರ ಚೆನ್ನಾಗಿ ಕಾಣುವುದರಿಂದ ಅದರ ಒಂದು ಮುಖ ಕಪ್ಪಾಗಿರಬೇಕೆಂದು ತರ್ಕಿಸಿದ್ದರು. ಫೀಬಿ ಎಂಬ ಹೊರಗಿನ ಉಪಗ್ರಹದಿಂದ ಹೊರಟ ಧೂಳಿನ ವಿಶಾಲವಾದ ಬಳೆಯೊಂದು ೨೦೦೯ರಲ್ಲಿ ಸ್ಪಿಟ್ಸರ್ ದೂರದರ್ಶಕಕ್ಕೆ ಗೋಚರವಾದ ಮೇಲೆ ಆ ಕಪ್ಪಿನ ಮೂಲ ತಿಳಿಯಬಂದಿತು. ೨೦೧೫ರ ಜುಲೈ ೧೪ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೋವನ್ನು ಹಾದುಹೋದಾಗ, ಅದರ ಉಪಗ್ರಹ ಶಾರಾನ್‌ನ ಉತ್ತರ ಧ್ರುವದಲ್ಲಿ ಕೆಂಪು ಮಚ್ಚೆಯೊಂದು ಕಂಡಿತು. ಪ್ಲೂಟೋವಿನ ವಾಯುಮಂಡಲದಿಂದ ತಪ್ಪಿಸಿಕೊಂಡ ಮೀಥೇನ್, ನೂರು ವರ್ಷಗಳಿಗೂ ಮಿಕ್ಕ ಧ್ರುವದ ಇರುಳಿನಲ್ಲಿ ಅಲ್ಲಿ ಹೆಪ್ಪುಗಟ್ಟಿ, ನೇರಳಾತೀತ ಕಿರಣಗಳಿಂದ ಭಾರವಾದ ಪದಾರ್ಥವಾಗಿ ಮಾರ್ಪಟ್ಟು ಉಳಿಯಿತೆಂದು ವಿಲಿಯಂ ಗ್ರಂಡಿ ಮತ್ತು ಸಂಗಡಿಗರು ೨೦೧೬ರಲ್ಲಿ ವಿವರಿಸಿದರು. ಅಲ್ಲಿಯ ಕೆಂಪು ನೆರೆಮನೆಯಿಂದ ಬಂದುದು.

ಸಾಕ್ಷ್ಯ ಅಳಿಸಿಹೋಗುವುದೂ ಉಂಟು. ಅತಿ ಕೆಂಪಾದ ಬಣ್ಣ ಧೂಮಕೇತುಗಳ ತಿರುಳುಗಳಲ್ಲಿ ಕಾಣುವುದಿಲ್ಲವೆಂಬುದನ್ನು ೨೦೦೨ರಲ್ಲಿ ಜ್ಯೂವಿಟ್ ಅವರು ಎತ್ತಿ ತೋರಿಸಿದರು. ಸೂರ್ಯನ ಬಳಿಗೆ ಬಂದಂತೆ ಮೇಲ್ಮೈ ಆವಿಯಾಗಿ ತನ್ನದೇ ಧೂಳಿನಿಂದ ಮುಚ್ಚಿಹೋಗುತ್ತದೆ. ಬೂದುಬಣ್ಣದ ಮೊದಲ ಸಾಕ್ಷಿಯಾದ ಕೈರಾನ್‌ನ ಸುತ್ತಲೂ ೧೯೮೯ರಲ್ಲಿ ಇಂತಹ ಧೂಳಿನ ಮುಸುಕು ಕಂಡುಬಂದಿತ್ತೆಂಬುದನ್ನು ನೆನೆದರೆ, ಅದರ ಮಾತನ್ನು ಮೂಲದ ಮಾತೆಂದು ಸ್ವೀಕರಿಸಲು ಹಿಂಜರಿಯಬೇಕಾಗುತ್ತದೆ.

೭. ಈಚಿನ ಆಧಾರಗಳು

ಈ ಸಂದರ್ಭದಲ್ಲಿ ಬೇಕಾಗಿದ್ದುದು ಕೆಡದೆ ಉಳಿದ ಒಬ್ಬ ಸ್ಥಳೀಯ ಸಾಕ್ಷಿ. ೨೦೧೪ರಲ್ಲಿ ಹಬಲ್ ಕಂಡುಹಿಡಿದ ಆರೊಕಾತ್ ಎಂಬ ಕಾಯ ಅಂತಹುದಾಗಿ ಪರಿಣಮಿಸಿತು. ಸುಮಾರು ೩೬ ಕಿಲೊಮೀಟರ್ ಉದ್ದದ, ಎರಡು ಉಂಡೆಗಳು ಮೆಲ್ಲಗೆ ಅಂಟಿಕೊಂಡಂತಿರುವ ಈ ಕಾಯವನ್ನು ನ್ಯೂ ಹೊರೈಜನ್ಸ್ ೨೦೧೯ರ ಜನವರಿ ೧ರಂದು ಹತ್ತಿರದಿಂದ ನೋಡಿತು. ಎರಡು ಉಂಡೆಗಳೂ ಏಕರೀತಿಯಾಗಿ ಕೆಂಪು, ಕುಳಿಗಳು ವಿರಳ, ಮೇಲ್ಮೈಯಲ್ಲಿ ಮೆಥನಾಲಿನ ಹಿಮ. ಪೆಟ್ಟುಗಳಿಂದ ಬಣ್ಣ ಚದರಿಹೋಗಿದ್ದರೆ ಈ ಏಕರೂಪತೆಗೆ ಆಸ್ಪದವಿರುತ್ತಿರಲಿಲ್ಲ.

ಮೆಥನಾಲಿನ ಇರವು ಮತ್ತೊಂದು ಕಾರಣದಿಂದಲೂ ಮಹತ್ವದ್ದು. ೨೦೧೧ರಲ್ಲಿ ಬ್ರೌನ್, ಎಮಿಲಿ ಶಾಲರ್ ಮತ್ತು ಫ್ರೇಸರ್ ಅವರು, ಹುಟ್ಟಿದ ಮೊದಲ ಕಾಲದಲ್ಲಿ ಸೂರ್ಯನಿಂದ ಇರುವ ದೂರಕ್ಕೆ ತಕ್ಕಂತೆ ಕೆಲವು ಹಿಮಗಳು ಆವಿಯಾಗಿ ಹೋದುವು, ಕೆಲವು ಉಳಿದುವು. ಉಳಿದುವನ್ನು ಕಿರಣಗಳು ಬೇರೆಬೇರೆ ಬಣ್ಣಕ್ಕೆ ತಿರುಗಿಸಿದುವು ಎಂಬ ಮತವನ್ನು ಮುಂದಿಟ್ಟಿದ್ದರು. ೨೦೨೧ರ ಡಿಸೆಂಬರ್ ೨೫ರಂದು ಹಾರಿಬಿಟ್ಟ ಜೇಮ್ಸ್ ವೆಬ್ ದೂರದರ್ಶಕ ಈ ಬಗೆಯ ಮತವನ್ನು ಪರೀಕ್ಷಿಸಲು ಬೇಕಾದ ಸಾಧನವನ್ನು ಒದಗಿಸಿತು. ಫಿಲ್ಟರುಗಳು ಬಣ್ಣವನ್ನು ಹೇಳುತ್ತಿದ್ದುವೇ ಹೊರತು ಪದಾರ್ಥವನ್ನು ಹೆಸರಿಸುತ್ತಿರಲಿಲ್ಲ; ವೆಬ್‌ನ ಅವಕೆಂಪು ರೋಹಿತವು ಪದಾರ್ಥಗಳನ್ನೇ ಗುರುತಿಸಿತು. ೨೦೨೪ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪರೀಕ್ಷಿಸಿದ ೫೯ ಕಾಯಗಳಲ್ಲಿ ೫೬ರ ಮೇಲೆ ಇಂಗಾಲದ ಡೈಆಕ್ಸೈಡಿನ ಹಿಮವಿದೆ. ನೊಯೆಮಿ ಪಿನಿಯಾ-ಅಲೊನ್ಸೊ ಮತ್ತು ಸಂಗಡಿಗರು ಇಂತಹ ಕಾಯಗಳು ಮೂರು ವರ್ಗಗಳಲ್ಲಿ ಅಡಕವಾಗುವುದನ್ನು ತೋರಿಸಿದ್ದಾರೆ: ನೀರಿನ ಹಿಮ ಮತ್ತು ಧೂಳು ಹೆಚ್ಚಾಗಿರುವುವು ಒಂದು, ಇಂಗಾಲದ ಡೈಆಕ್ಸೈಡ್ ಪ್ರಧಾನವಾಗಿರುವುವು ಎರಡು, ಮೆಥನಾಲ್ ಮತ್ತು ಜಟಿಲವಾದ ಸಾವಯವ ಪದಾರ್ಥಗಳು ತುಂಬಿರುವುವು ಮೂರು. ಹುಟ್ಟಿದೆಡೆಯಲ್ಲಿಯೇ ಉಳಿದ ಕೆಂಪು ಕಾಯಗಳು ಮೂರನೆಯ ವರ್ಗಕ್ಕೆ ಸೇರುತ್ತವೆ. ಗ್ರಹಗಳು ಸ್ಥಳಾಂತರ ಹೊಂದುವ ಮುನ್ನ ಸೂರ್ಯನಿಂದ ಇದ್ದ ದೂರವನ್ನು ಈ ವರ್ಗಗಳು ಸೂಚಿಸುತ್ತವೆಂಬುದು ಅವರ ಅಭಿಪ್ರಾಯ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಹುಟ್ಟು ಮತ್ತು ಅನುಭವಗಳನ್ನು ಪರಸ್ಪರ ವಿರುದ್ಧ ಉತ್ತರಗಳೆಂದು ಎಣಿಸಿದ ಕಾಲದಲ್ಲಿ ವಿವಾದ ಮುಂದುವರಿಯಲಿಲ್ಲ. ಕೆಂಪನ್ನು ಬರೆದುದು ಕಿರಣಗಳೇ ಆದರೂ, ಬರೆಯಲು ಬೇಕಾದ ಮಸಿಯನ್ನು ಒದಗಿಸಿದುದು ಆಯಾ ಕಾಯ ಹುಟ್ಟಿದ ಸ್ಥಳ. ಆದಕಾರಣ ಬಣ್ಣವನ್ನು ಮೂಲದ ಸಾಕ್ಷ್ಯವಾಗಿ ಬಳಸಲು ಬರುತ್ತದೆ. ಆದರೆ ಆ ಕಾಯ ಸೂರ್ಯನ ಸಮೀಪಕ್ಕೆ ಬಂದುದಿಲ್ಲ, ನೆರೆಯ ಕಾಯದಿಂದ ಲೇಪ ಪಡೆದುದಿಲ್ಲ, ಅಳತೆಯನ್ನು ತಕ್ಕ ಕ್ರಮದಲ್ಲಿ ತೆಗೆದಿದೆ ಎಂಬ ಮೂರನ್ನೂ ಮೊದಲು ದೃಢಪಡಿಸಿಕೊಂಡಿರಬೇಕು.

ಎರಡನೆಯದಾಗಿ, ಈ ಮೂವತ್ತು ವರ್ಷಗಳಲ್ಲಿ ನಿರ್ಣಾಯಕವಾದ ಹೆಜ್ಜೆಗಳೆಲ್ಲ ದೊಡ್ಡ ದೂರದರ್ಶಕಗಳಿಂದಲೇ ಬಂದುವಲ್ಲ. ಸೆಂಟಾರ್‌ಗಳನ್ನು ಬೇರ್ಪಡಿಸಿ ಎಣಿಸಿದುದು, ಸಣ್ಣವನ್ನೂ ದೊಡ್ಡವನ್ನೂ ವಿಂಗಡಿಸಿದುದು, ಚದರಿದ ಅಳತೆಗಳನ್ನು ಸಂಕಲಿಸಿದುದು—ಇವೆಲ್ಲ ಇದ್ದ ಆಧಾರಗಳನ್ನೇ ಇನ್ನಷ್ಟು ಎಚ್ಚರದಿಂದ ಓದಿದುದರ ಫಲ. ೨೦೨೫ರ ಜೂನ್ ತಿಂಗಳಲ್ಲಿ ಮೊದಲ ಚಿತ್ರಗಳನ್ನು ಪ್ರಕಟಿಸಿದ ಚಿಲಿ ದೇಶದ ವೆರಾ ರೂಬಿನ್ ವೀಕ್ಷಣಾಲಯವು ಆರು ಫಿಲ್ಟರುಗಳಲ್ಲಿ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಲು ರಚಿತವಾಗಿದೆ. ಬಣ್ಣ ತಿಳಿದ ಕಾಯಗಳ ಸಂಖ್ಯೆ ಅದರಿಂದ ಬಹುವಾಗಿ ಹೆಚ್ಚಲಿದೆ. ಅಷ್ಟು ಸಾಕ್ಷಿಗಳು ಒಮ್ಮೆಗೇ ಬಂದು ನಿಂತಾಗ, ಯಾರ ಮಾತು ಯಾರ ಪರವಾಗಿ ನಿಲ್ಲುತ್ತದೆಂದು ಕೇಳುವ ಅಭ್ಯಾಸ ಇನ್ನೂ ಹೆಚ್ಚಾಗಿ ಬೇಕಾಗುವುದು. ಆ ಅಭ್ಯಾಸದಲ್ಲಿ ಖಗೋಳಜ್ಞನೂ ಇತಿಹಾಸಕಾರನೂ ಒಂದೇ ಕುಲುಮೆಯಲ್ಲಿ ಪಳಗಿದವರೆಂಬುದನ್ನು ತೋರಿಸಲು ಈ ಸಣ್ಣ ಪ್ರಯತ್ನ ಮಾಡಲಾಗಿದೆ.